ಚಟ್ ಎನ್ನದ ಕರೆಂಟು

ಪ್ಲಾಸ್ಟಿಕ್ ಚೀಲದ ಆ ಕಾರ್ಖಾನೆಯಲ್ಲಿ ಅತ್ತಿಗೆಯೇ ಹಳಬಳು. ದೊಡ್ಡ ಉರುಳೆಯಿಂದ ಹಾಳೆ ಬಿಚ್ಚಿಕೊಳ್ಳುವಾಗ ಉಜ್ಜಾಟಕ್ಕೆ ಅದರ ಮೈಯಲ್ಲಿ ಕರೆಂಟು ಕೂಡಿಕೊಳ್ಳುತ್ತಿತ್ತು. ಹತ್ತಿರ ಹೋದರೆ ತೋಳಿನ ರೋಮ ನಿಮಿರುತ್ತಿತ್ತು, ಬೆರಳಿಟ್ಟರೆ ಚಟ್ ಎಂದು ಹೊಡೆಯುತ್ತಿತ್ತು. ಅಲ್ಲಿನ ಹೆಂಗಸರಿಗೆ ಅದೊಂದು ತಮಾಷೆ. ಬೇಕೆಂದೇ ಒಬ್ಬರ ಕಿವಿಗೊಬ್ಬರು ಬೆರಳು ತಾಗಿಸಿ ನಗುತ್ತಿದ್ದರು.

ಗಂಡನ ತಂಗಿಯನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ನಾದಿನಿ ಸ್ವಲ್ಪ ಪುಕ್ಕಲು. ಅತ್ತಿಗೆ ಉಪಾಯ ಹೇಳಿಕೊಟ್ಟಳು: "ಹಾಳೆ ಮುಟ್ಟೋಕೆ ಮುಂಚೆ ಮೆಷಿನ್ನಿನ ಕಬ್ಬಿಣಕ್ಕೆ ಅಂಗೈ ಇಡು. ಮೈಯಲ್ಲಿ ಇರೋದೆಲ್ಲ ಇಳಿದುಹೋಗತ್ತೆ."

ಒಂದು ಬೆಳಿಗ್ಗೆ ನಾದಿನಿ ಕೈ ಕೊಡವುತ್ತ ಬಂದಳು. "ಅತ್ತಿಗೆ, ಇವತ್ತು ಕಬ್ಬಿಣ ಮುಟ್ಟಿದ್ರೆ ಚಟ್ ಅನ್ನಲ್ಲ. ಜುಂ ಅಂತಾನೇ ಇರತ್ತೆ."

"ನಿಂದೊಂದು ಗೋಳು. ಅಭ್ಯಾಸ ಆಗತ್ತೆ ಹೋಗು," ಎಂದು ಅತ್ತಿಗೆ ಕೆಲಸಕ್ಕೆ ತಿರುಗಿದಳು.

ಮಧ್ಯಾಹ್ನ ನೆಲ ಒರೆಸಿ ಹೋಗಿದ್ದರು. ಜಾರುತ್ತದೆಂದು ಚಪ್ಪಲಿ ಬಿಟ್ಟ ನಾದಿನಿ, ಹೇಳಿಕೊಟ್ಟಂತೆಯೇ ಅಂಗೈ ಇಟ್ಟಳು. ಕೈ ಅಂಟಿಕೊಂಡಿತು. ಬಾಯಿ ತೆರೆದಿತ್ತು, ದನಿ ಹೊರಡಲಿಲ್ಲ. ಅವಳನ್ನು ಹಿಡಿಯಲು ನುಗ್ಗಿದ ಅತ್ತಿಗೆ ಅರ್ಧದಲ್ಲೇ ತಿರುಗಿ ಗೋಡೆಯ ಮೇನ್ ಸ್ವಿಚ್ಚು ಎಳೆದಳು. ಹುಡುಗಿ ಕುಸಿದುಬಿದ್ದಳು.

ಜೀವವೇನೋ ಉಳಿಯಿತು. ಸುಟ್ಟ ಅಂಗೈ ಮಾಯ್ದರೂ ಬೆರಳುಗಳು ನೆಟ್ಟಗಾಗಲಿಲ್ಲ.

ಎಲೆಕ್ಟ್ರಿಷಿಯನ್ ಮೋಟಾರು ಬಿಚ್ಚಿ ತೋರಿಸಿದ. ವೈರಿನ ಸಿಪ್ಪೆ ಸವೆದು ಕಬ್ಬಿಣಕ್ಕೆ ತಾಗಿತ್ತು. ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಎಂದೋ ಕಳಚಿಬಿದ್ದಿತ್ತು. "ಹಾಳೆ ಮೇಲಿನದು ಕೂತಿರೋ ಕರೆಂಟಮ್ಮ. ಒಂದ್ಸಲ ಹೊಡೆದ್ರೆ ಮುಗೀತು. ಇದು ಹರಿಯೋದು. ಹಿಂದಿನಿಂದ ಬರ್ತಾನೇ ಇರತ್ತೆ, ಹಿಡಿದ್ರೆ ಬಿಡಲ್ಲ."

ಮೇಲ್ವಿಚಾರಕ ಅತ್ತಿಗೆಯನ್ನು ಪಕ್ಕಕ್ಕೆ ಕರೆದ. "ಒದ್ದೆ ಕೈಯಲ್ಲಿ ಮುಟ್ಟಿದ್ಲು ಅಂತ ಹೇಳಿಬಿಡು. ನಿನ್ನ ಕೆಲಸಕ್ಕೇನೂ ಆಗಲ್ಲ."

ತನಿಖೆಗೆ ಬಂದವರೆದುರು ಅತ್ತಿಗೆ ಇದ್ದದ್ದನ್ನೇ ಹೇಳಿದಳು. "ಬೆಳಿಗ್ಗೆನೇ ಅವಳು ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಕಬ್ಬಿಣ ಮುಟ್ಟು ಅಂತ ಹೇಳಿಕೊಟ್ಟೋಳೂ ನಾನೇ. ಆದ್ರೆ ಆ ತಂತಿ ನೋಡ್ಕೊಳ್ಳೋ ಕೆಲಸ ನಮ್ಮಿಬ್ಬರದ್ದೂ ಅಲ್ಲ."

ಆಸ್ಪತ್ರೆಯ ಖರ್ಚು ಕಾರ್ಖಾನೆಯ ತಲೆಗೇ ಬಂತು. ಅತ್ತಿಗೆಯ ಕೆಲಸ ಹೋಯಿತು. ಗಂಡ ಬೈಯಲಿಲ್ಲ, ಮಾತೇ ಬಿಟ್ಟ.

ಈಗ ನಾದಿನಿಗೆ ತಲೆ ಬಾಚಿ, ರವಿಕೆಯ ಗುಂಡಿ ಹಾಕುವುದು ಅವಳೇ. ಒಂದು ದಿನ ಹುಡುಗಿ ಕನ್ನಡಿ ನೋಡುತ್ತಲೇ ಹೇಳಿದಳು: "ಅವತ್ತು ಬೆಳಿಗ್ಗೆ ನಾನು ಹೇಳಿದಾಗ ನೀವು ಬಂದು ಕಬ್ಬಿಣ ಮುಟ್ಟಿ ನೋಡಿದ್ರೆ ನಿಮ್ಮನ್ನೇ ಹಿಡೀತಿತ್ತೇನೋ."

ಸಮಾಧಾನಕ್ಕೆ ಹೇಳಿದಳೋ, ಚುಚ್ಚಲು ಹೇಳಿದಳೋ, ಅತ್ತಿಗೆಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.