ದೂರದ ಕುರ್ಚಿ

ಶಹಾಪುರದ ಟಾಕೀಸಿಗೆ ಹೊಸ ಪಿಚ್ಚರ್ ಬಂತೆಂದರೆ ದೋರನಹಳ್ಳಿಯ ಖಂಡಪ್ಪ ಹೆಂಡತಿ ಬಾಲಮ್ಮನನ್ನು ಕರೆದುಕೊಂಡು ಮೊದಲ ಆಟಕ್ಕೇ ಹಾಜರು. ಅವನ ತೀರ್ಪು ಬೀಳುವವರೆಗೆ ಊರಿನ ಚಹಾದಂಗಡಿಯಲ್ಲಿ ಯಾರೂ ಟಿಕೆಟ್ಟಿನ ಮಾತೆತ್ತುವುದಿಲ್ಲ. ಅವನದು ಒಂದೇ ತಕ್ಕಡಿ. "ಬರೇ ಗುದ್ದಾಟ, ಹೇಳಾಕ ಬರಂಗಿಲ್ಲ" ಎಂದನೋ, ಕೋಟಿಗಟ್ಟಲೆ ಸುರಿದ ಪಿಚ್ಚರೂ ಅಲ್ಲಿಗೆ ಖತಮ್. "ಅತ್ತಿ-ಸೊಸಿ ಜಗಳ ಅದ, ಚಲೋ ಹೇಳಾಕ ಬರ್ತದ, ಹೋಗ್ರಿ" ಎಂದರೆ ಮರುದಿನವೇ ಅರ್ಧ ಊರು ಬಸ್ಸು ಹತ್ತುತ್ತದೆ. ಕಲಬುರಗಿಗೆ ಹೋಗಿ ಕಾಲು ಚಾಚಿ ಮಲಗುವ ಸೀಟಿನ ಪ್ರೀಮಿಯಂ ಸ್ಕ್ರೀನನ್ನೂ ನೋಡಿ ಬಂದಿದ್ದಾನೆ. "ಮಕ್ಕೊಂಡು ನೋಡಾಕ ಅದೇನು ದವಾಖಾನಿ ಛತ್ತಿನ ಫ್ಯಾನೇನ್ರಿ? ಆವಾಜಿಗಿ ಬಾಜೂದವರ ಮಾತು ಕೇಳಂಗಿಲ್ಲ. ಅದರ ಮ್ಯಾಲ ಕುರ್ಚಿ ದೂರ ದೂರ!" ಮಾತಾಡಲು ಯಾರು ಪಿಚ್ಚರಿಗೆ ಹೋಗುತ್ತಾರೆಂದು ಚಹಾದಂಗಡಿ ನಗುತ್ತದೆ. ಟಾಕೀಸಿನಲ್ಲಿ ಅವನ ಹಿಂದಿನ ಸಾಲಿನಲ್ಲಿ ಕೂತವರು ಮಾತ್ರ ನಗುವುದಿಲ್ಲ. ಆಟ ಮುಗಿಯುವವರೆಗೂ ಖಂಡಪ್ಪ, ಕಣ್ಣು ಕಾಣದ ಬಾಲಮ್ಮನ ಕಿವಿಗೆ ಬಾಗಿ, ಯಾರು ಬಂದರು, ಯಾರು ಅತ್ತರು, ನಾಯಕಿಯ ಸೀರೆ ಯಾವ ಬಣ್ಣ ಎಂದು ಹೇಳುತ್ತಲೇ ಇರುತ್ತಾನೆ. ಆಟ ಬಿಟ್ಟ ಮೇಲೆ, ಅವನ ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆಯುತ್ತ, ಅವಳೂ ತನ್ನ ತೀರ್ಪು ಕೊಡುತ್ತಾಳೆ: "ಪಿಚ್ಚರ್ ಸುಮಾರಿತ್ತು. ನೀ ಹೇಳಿದ್ದು ಚಲೋ ಇತ್ತು."