ಕೇಳದೆ ತೆಗೆದುಕೊಂಡ ಕೋಡುಬಳೆ

ಬನಶಂಕರಿಯಲ್ಲಿ ನಮ್ಮ ಮನೆಯ ಮಹಡಿಯ ಮೇಲಿದ್ದ ಹೆಂಗಸೊಬ್ಬರು ಬ್ಲೌಸ್ ಹೊಲಿಯುತ್ತಿದ್ದರು. ಯಾರು ಮಾತಾಡಿಸಿದರೂ ಮಿಷನ್ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿಯೇ ಉತ್ತರ ಕೊಡುವರು. ಬಾಲಮಂದಿರದಲ್ಲಿದ್ದ ಒಂಬತ್ತು ವರ್ಷದ ಹುಡುಗಿಯೊಬ್ಬಳನ್ನು ಸಾಕಲೆಂದು ಮನೆಗೆ ಕರೆತಂದಿದ್ದರು.

ಆ ಹುಡುಗಿ ನೀರು ಕುಡಿಯುವುದಕ್ಕೂ "ಕುಡೀಲಾ?" ಎಂದು ಕೇಳುತ್ತಿದ್ದಳು. ಬಾಳೆಹಣ್ಣು ಮುಟ್ಟುವುದಕ್ಕೂ ಅಪ್ಪಣೆ ಬೇಕಿತ್ತು. ಆಕೆಯದು ಪ್ರತಿ ಸಲವೂ ಒಂದೇ ಮಾತು: "ಕೇಳ್ಬೇಡ ಕಂದ, ತಗೋ."

ಮೂವತ್ತು ವರ್ಷ ಮಕ್ಕಳಿಗೆ ಶಿಸ್ತು ಕಲಿಸಿ ನಿವೃತ್ತನಾದ ನನಗೆ ಇದು ಸರಿಕಾಣಲಿಲ್ಲ.

"ಎಂಥಾ ಸಂಸ್ಕಾರ ಆ ಮಗೂದು! ನೀವೇ ಕೆಡಿಸ್ತಿದ್ದೀರಲ್ಲಮ್ಮಾ," ಎಂದು ಬುದ್ಧಿ ಹೇಳಿದೆ.

"ಅದು ಸಂಸ್ಕಾರ ಅಲ್ಲ ಮೇಷ್ಟ್ರೇ, ಭಯ," ಎಂದರು.

ನಾನು ಒಪ್ಪಲಿಲ್ಲ. ಒಪ್ಪುವ ಅಭ್ಯಾಸ ನನಗೆ ಮೊದಲಿಂದಲೂ ಇಲ್ಲ.

ವರ್ಷ ಕಳೆದ ಮೇಲೆ ಒಂದು ಸಂಜೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಕೂತಿದ್ದೆ. ಸ್ಕೂಲಿಂದ ಬಂದ ಹುಡುಗಿ ಬ್ಯಾಗು ಎಸೆದವಳೇ ನನ್ನ ತಟ್ಟೆಯಲ್ಲಿ ಉಳಿದಿದ್ದ ಒಂದೇ ಕೋಡುಬಳೆಯನ್ನು ಎತ್ತಿ ಕಚ್ಚಿ, "ಅಮ್ಮಾ, ಉಪ್ಪು ಜಾಸ್ತಿ ಆಯ್ತು," ಎನ್ನುತ್ತ ಅಡುಗೆಮನೆಗೆ ನಡೆದಳು.

ಉಪದೇಶಕ್ಕೆಂದು ಗಂಟಲು ಸರಿಮಾಡಿಕೊಂಡು ತಿರುಗಿದರೆ, ಆಕೆಯ ಕಣ್ಣು ತುಂಬಿತ್ತು.

"ನೋಡಿದ್ರಾ ಮೇಷ್ಟ್ರೇ? ಕೇಳ್ದೇನೇ ತಗೊಂಡ್ಳು!"

ನನ್ನ ಶಿಷ್ಯರಿಗೆ ರ‍್ಯಾಂಕ್ ಬಂದಾಗಲೂ ನಾನು ಆಕೆಯಷ್ಟು ಹಿಗ್ಗಿರಲಿಲ್ಲ. ಬಾಯಿಗೆ ಬಂದ ಉಪದೇಶವನ್ನು ಕಾಫಿಯ ಜೊತೆ ನುಂಗಿ, ಖಾಲಿ ತಟ್ಟೆ ಹಿಡಿದು ಪೆಚ್ಚಾಗಿ ಕೂತೆ.

ಹುಡುಗಿ ಅಡುಗೆಮನೆಯಿಂದ ಇಣುಕಿದಳು.

"ತಾತಾ, ಡಬ್ಬೀಲಿ ಇನ್ನೂ ಇದೆ, ತಗೊಳ್ಳಿ. ಸಂಕೋಚ ಪಟ್ಕೋಬೇಡಿ, ನಮ್ಮನೇದೇ."