ಗಾಳಿಗೆ ತೆರೆದಿಟ್ಟ ಬೆಳಕು

ಮೊನ್ನೆ ಸಂಜೆ ಪೂಜೆಗೆ ಕುಳಿತಿದ್ದಾಗ ವಿದ್ಯುತ್ ಹೋಯಿತು. ಸೊಸೆ ಮೇಣದಬತ್ತಿ ಹಚ್ಚಿ ತಂದಿಟ್ಟಳು. ಕರಗಿದ ಮೇಣದ ವಾಸನೆ ಬಂದೊಡನೆ, ಬೈಲಹೊಂಗಲದ ನಮ್ಮ ಓಣಿಯ ಎದುರುಮನೆಯಲ್ಲಿದ್ದ ಉಪನ್ಯಾಸಕರು ನೆನಪಾದರು...

ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಡುವಯಸ್ಸಿನಲ್ಲಿ ಡಾಕ್ಟರೇಟಿಗೆಂದು ಬಸ್ಸು ಹಿಡಿದು ಧಾರವಾಡಕ್ಕೆ ಹೋಗಿಬರುತ್ತಿದ್ದರು. ಮನೆಯಲ್ಲಿ ಅವರು, ಅವರ ತಾಯಿ ಇಬ್ಬರೇ. ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನನಗೆ ಅವರ ವಿದ್ಯೆ ನಿಲುಕುವಂಥದ್ದಲ್ಲ. ಆದರೂ ಒಮ್ಮೆ ನನ್ನನ್ನು ಕತ್ತಲೆಯ ಒಳಕೋಣೆಯಲ್ಲಿ ಕೂರಿಸಿ, ಗಾಜಿನ ಪುಟ್ಟ ಚೂರುಗಳ ಮೇಲೆ ನೇರಳೆ ದೀಪ ಹಿಡಿದರು. ಚೂರುಗಳು ಕೆಂಡದಂತೆ ಬೆಳಗಿದವು. ಅವುಗಳ ಮೇಲೆ ಬಳಿದದ್ದು ಕಣ್ಣಿಗೆ ಕಾಣದ ಕಣಗಳನ್ನು. ಕ್ವಾಂಟಂ ಡಾಟ್ ಎಂದು ಹೆಸರು. ಆ ಕಣಗಳ ಮೈಗೆ ಪ್ಲಾಸ್ಟಿಕ್ಕಿನಂಥ ಪಾಲಿಮರಿನ ತೆಳುಗವಚ. ಆ ಕವಚವನ್ನೂ ದಾಟಿ ಗಾಳಿ ಒಳಹೊಕ್ಕು, ತಿಂಗಳುಗಳು ಕಳೆದಂತೆ ಬೆಳಕಿನ ಬಣ್ಣವನ್ನು ಬದಲಿಸಿ, ಕಡೆಗೆ ಅದನ್ನು ಆರಿಸಿಬಿಡುತ್ತದೆಯಂತೆ. ಅದು ಹೇಗೆ ಎಂಬುದೇ ಅವರ ಪ್ರಶ್ನೆ. ಅದಕ್ಕಾಗಿ ಚೂರುಗಳನ್ನು ಗೋಡೆಯ ಗೂಡಿನಲ್ಲಿ ತೆರೆದಿಟ್ಟು, ಆಗಾಗ ಧಾರವಾಡಕ್ಕೆ ಒಯ್ದು ಬೆಳಕನ್ನು ಅಳೆದು ತರುತ್ತಿದ್ದರು.

ಹೀಗೆ ವರ್ಷವಾಗುವಷ್ಟರಲ್ಲಿ ಅವರ ರಕ್ತದಲ್ಲಿ ಕಾಯಿಲೆ ಕಂಡಿತು. ಬಹುದಿನ ಆಸ್ಪತ್ರೆಯಲ್ಲಿದ್ದು ಮರಳಿದಾಗ ನಾನೂ ನೋಡಲು ಹೋಗಿದ್ದೆ. ಅವರು ನೇರವಾಗಿ ಗೂಡಿನ ಮುಂದೆ ನಿಂತರು. ಚೂರುಗಳೆಲ್ಲ ತೊಳೆದ ಉಪ್ಪಿನಕಾಯಿ ಬಾಟಲಿಗಳೊಳಗಿದ್ದವು. ಮುಚ್ಚಳದ ಸುತ್ತ ಬಿಗಿಯಾಗಿ ಮೇಣ ಸುರಿಯಲಾಗಿತ್ತು.

"ಅವ್ವಾ, ಇವನ್ನ ಯಾರ ಮುಚ್ಚ್ಯಾರ?"

"ನಾನಪಾ. ಗಾಳಿ ಹತ್ತಿದ್ರ ಕೆಡತಾವಂತ ನೀನ ಹೇಳಿದ್ದೆಲ್ಲ?"

"ಕೆಡಬೇಕಾಗಿತ್ತವ್ವಾ. ಹ್ಯಾಂಗ ಕೆಡತಾವ ಅಂತ ನೋಡೂದ ನನ್ನ ಕೆಲಸ."

"ಕೆಡೂದ ನೋಡಾಕ ಧಾರವಾಡಕ್ಕ ಯಾಕ ಹೋಗಬೇಕಿತ್ತೊ? ನನ್ನ ಅಡಗಿಮನ್ಯಾಗ ಕುಂತಿದ್ರ ಆಗತಿತ್ತು!"

ಅವರು ನಕ್ಕರು, ನಗುತ್ತಲೇ ಗೋಡೆ ಹಿಡಿದು ಕುಸಿದು ಕುಳಿತರು. ವರ್ಷದಿಂದ ನಡೆದಿದ್ದ ಅಳತೆ ಅಲ್ಲಿಗೆ ಮುರಿದಿತ್ತು. ತಾಯಿಗೆ ಅದು ತಿಳಿದದ್ದು ಮಗನ ಮುಖ ನೋಡಿದ ಮೇಲೆಯೇ.

ಅವರು ಮತ್ತೆ ಹೊಸ ಚೂರುಗಳನ್ನು ತಂದಿಟ್ಟರು. ಹೆಚ್ಚು ಕಾಲ ಉಳಿದಿಲ್ಲವೆಂದು ವೈದ್ಯರು ಆಗಲೇ ಹೇಳಿದ್ದರು. "ಗುರುಗಳ, ಇವು ಆರೂತನಕಾ ನಾ ಇದ್ರ ಸಾಕ್ರಿ" ಎಂದರು ಒಂದು ದಿನ. ಜೀವನವೆಲ್ಲ ದೇಹದ ಅನಿತ್ಯತೆಯನ್ನು ಪಾಠ ಹೇಳಿದ ನಾನು ಅಂದು ನೇರಳೆ ದೀಪವನ್ನಷ್ಟೇ ಎತ್ತಿ ಅವರ ಕೈಗಿತ್ತೆ.

ಮೊದಲ ವಾರಗಳಲ್ಲಿ ಬೆಳಕು ತುಸು ಹೆಚ್ಚಿತು. ಆಮೇಲೆ ಕೆಂಪು ಮೆಲ್ಲಗೆ ಕಿತ್ತಳೆಗೆ ತಿರುಗಿತು. ಬಸ್ಸು ಹತ್ತುವ ಶಕ್ತಿ ಹೋದ ಮೇಲೆ ಅವರು ಹಾಸಿಗೆಯಲ್ಲಿಯೇ ದೀಪ ಹಿಡಿದು ನೋಡುತ್ತಿದ್ದರು... ಸಂಕ್ರಾಂತಿಗೆ ಮೊದಲೇ ತೀರಿಕೊಂಡರು. ಚೂರುಗಳು ಇನ್ನೂ ಬೆಳಗುತ್ತಿದ್ದವು.

ಮಣ್ಣು ಮಾಡಿ ಬಂದ ಕೆಲವು ದಿನಗಳಲ್ಲಿ ಸವದತ್ತಿಗೆ ಮದುವೆಯಾಗಿ ಹೋಗಿದ್ದ ಅವರ ತಂಗಿ ತಾಯಿಯನ್ನು ಕರೆದೊಯ್ಯಲು ಬಂದಳು. ಚೂರುಗಳನ್ನು ಅರಿವೆಯಲ್ಲಿ ಸುತ್ತಲು ಹೋದಳು.

"ಮುಟ್ಟಬ್ಯಾಡ. ತೆರದ ಇರ್ಲಿ."

"ದಾರ್ಯಾಗ ಧೂಳಾ ಹತ್ತತೈತಿ ಯವ್ವಾ."

"ಹತ್ಲಿ. ಈ ಸಲಾ ನಾ ಮುಚ್ಚೂದಿಲ್ಲ."

ಬಸ್ಸಿನ ಕಿಟಕಿಯ ಪಕ್ಕ, ತಾಟಿನಲ್ಲಿ ಹರಡಿದ ಚೂರುಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ತಾಯಿ ಕುಳಿತಿದ್ದನ್ನು ನಾನು ನಿಲ್ದಾಣದಲ್ಲಿ ನಿಂತು ನೋಡಿದೆ.

ಆಕೆಯೂ ಶಿವನ ಪಾದ ಸೇರಿ ವರ್ಷಗಳಾದವು. ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಆ ಬೆಳಕು ಎಂದು ಆರಿತೋ ನಾನರಿಯೆ. ಅದನ್ನು ನೋಡಿ ಅರ್ಥ ಹೇಳಬಲ್ಲವರು ನಮ್ಮ ಓಣಿಯಲ್ಲಿ ಒಬ್ಬರೇ ಇದ್ದರು.